ಬಾಗಿಲಲ್ಲಿ ನಿಂತವರು

ಕುತಾಯಿಸಿಯಲ್ಲಿ ರಾತ್ರಿ ಎರಡೂವರೆ.
ಹಿಟ್ಟು ನಾದಿಟ್ಟು, ಕೈ ಒರೆಸಿಕೊಂಡು
ಬದ್ರಿ ಹಳೇ ಕಂಪ್ಯೂಟರಿನ ಮುಂದೆ ಕೂತ.
ಕೆಲಸ ಕೊಡದಿದ್ದರೂ ಅದಕ್ಕೆ ಏದುಸಿರು.

ಪಟ್ಟಿ ತೆರೆದರೆ ಅರವತ್ತಮೂರು ಹೆಸರು!
ಫ್ಯಾಕ್ಸ್ ಸೇವೆ: ಚಾಲನೆಯಲ್ಲಿದೆ.
ಯಾರ ಫ್ಯಾಕ್ಸಿಗೆ, ಮಾರಾಯ,
ಹನ್ನೊಂದು ವರ್ಷದಿಂದ ಬಾಗಿಲಲ್ಲೇ ನಿಂತೆ?
ಹೋಗು, ಮಲಗು.

ಪ್ರಿಂಟರು ನಾದಿನಿಯ ಮನೆ ಸೇರಿ ಯಾವ ಕಾಲವಾಯ್ತು;
ಅದರ ಗುಮಾಸ್ತ ಇಲ್ಲಿನ್ನೂ ಕಾಗದ ಕಾಯುತ್ತಿದ್ದಾನೆ.
ನೀನೂ ಹೋಗು.

ಒಂದರ ಹೆಸರು ಎರಡು ಸಲ ಓದಿದರೂ ತಿಳಿಯಲಿಲ್ಲ.
ಉಗುರಲ್ಲಿ ಹಿಟ್ಟಿದ್ದ ಬೆರಳು
ಗುಂಡಿಯ ಮೇಲೆ ತಡೆಯಿತು.
ಇದಕ್ಕೆ ಯಾರು ಆತು ನಿಂತಿದ್ದಾರೋ.
ಇರಲಿ ಬಿಡು.

ಫ್ಯಾನು ಉಸ್ಸೆಂದು ತಣ್ಣಗಾಯಿತು.
ಆಗ ಕೇಳಿಸಿತು,
ಮೂಲೆಯ ಮರಿಗೆಯಲ್ಲಿ, ಒದ್ದೆ ಬಟ್ಟೆಯಡಿ
ಹಿಟ್ಟು
ಒಂದು ಗುಳ್ಳೆ ಒಡೆದದ್ದು.