ಅಳೆದು ಸುರಿದದ್ದು

ಹನ್ನೊಂದೂವರೆ ಪಾಲು.
ಪತ್ರದ ನಡುವೆ ಒಂದು ಉಗಿಬಂಡಿಯ ಚಿತ್ರ.
ಹ್ಯಾಕ್‌ಬೆರಿ ಕಾಲುವೆಗೂ ರೈಲಿಗೂ ಯಾವ ನಂಟೂ ಇಲ್ಲ,
ಅಚ್ಚಿನಮನೆಯವನ ಬಳಿ ಇದ್ದದ್ದು ಅದೊಂದೇ ಅಚ್ಚು.
ಅಪ್ಪ ರೈನ್‌ಹೋಲ್ಡ್ ಅದನ್ನು ಹಿಟ್ಟಿನ ಡಬ್ಬಿಯ ತಳದಲ್ಲಿಡುತ್ತಿದ್ದ.
ಈಗಲೂ ಮಡಿಕೆ ಬಿಚ್ಚಿದರೆ ಬೆರಳಿಗೆ ಹಿಟ್ಟು.

ಕೇಳಲು ಬಂದವರು ಬೇಲಿಯಾಚೆಯವರೇ.
ಅವರ ನಲವತ್ಮೂರು ಪಂಪುಗಳಿಗೆ
ಸರ್ಕಾರ ಕೆಂಪು ಚೀಟಿ ಕಟ್ಟಿ ಹೋಗಿದೆ.
ಪಂಪು ಇಂದು ಹೀರಿದ್ದನ್ನು
ಸೌತ್ ಪ್ಲಾಟ್ ನದಿ ಏಳು ವರ್ಷ ಬಿಟ್ಟು ಕೇಳುತ್ತದೆ,
ಮೋಟರು ತುಕ್ಕು ಹಿಡಿದು ಮೂಲೆ ಸೇರಿದ ಮೇಲೂ ಕೇಳುತ್ತದೆ.
ಕೆಳದಂಡೆಯಲ್ಲಿ ನಮಗಿಂತ ಮೊದಲೇ ಬಂದು ಸಾಲು ನಿಂತವರಿದ್ದಾರೆ,
ಅವರಿಗೆ ಬದಲಿ ನೀರು ತೋರಿಸಬೇಕು.
ಬದಲಿ ಎಂದರೆ ನನ್ನಪ್ಪನ ಪಾಲು.

ಲೆಕ್ಕ ಕಟ್ಟಲು ಬಂದ ಇಂಜಿನಿಯರ್ ಹುಡುಗಿ, ಮಾರಿಸೆಲಾ ಒರ್ನೆಲಾಸ್,
ಅಡಿಗೆಮನೆಯ ಮೇಜಿನ ಮೇಲೆ ಆಕಾಶದಿಂದ ತೆಗೆದ ಫೋಟೋ ಹರವಿದಳು.
‘ತೂಬಿನಲ್ಲಿ ಬಂದದ್ದೆಲ್ಲ ನಿಮ್ಮದಲ್ಲ, ಲಿಡಿಯಾ.
ಕುದುರೆಮೆಂತೆ ಕುಡಿದದ್ದಷ್ಟೇ ನಿಮ್ಮದು.
ಇಂಗಿದ್ದು, ಸಾಲಿನ ತುದಿಯಿಂದ ಜಾರಿದ್ದು
ಆಗಲೇ ನದಿಯ ಖಾತೆಗೆ ಹೋಗಿತ್ತು.’
ಎಪ್ಪತ್ತು ವರ್ಷ ನನ್ನದೆಂದು ನಂಬಿದ್ದರಲ್ಲಿ
ಅರ್ಧಕ್ಕೂ ಹೆಚ್ಚು
ನನ್ನ ಪಾದ ತೋಯಿಸಿ ಮುಂದೆ ಹೋಗುತ್ತಿತ್ತು, ಅಷ್ಟೆ.

ಎಷ್ಟು ಕೊಯ್ಲು? ಮೂರು.
ಕೊನೆಯ ನೀರು ಯಾವಾಗ? ಶಾಲೆ ಶುರುವಾದ ವಾರ.
ಇದೇಕೆ ಬೂದಿ ಬಣ್ಣ?
ಅವಳ ಪೆನ್ಸಿಲಿನ ಮೊನೆ ಐವತ್ತಾರನೇ ಇಸವಿಯ ಜುಲೈ ಮೇಲೆ.

ಆ ಬೇಸಿಗೆ ನಮ್ಮ ಸರದಿಯನ್ನೆಲ್ಲ ಅಪ್ಪ
ಕಾಲುವೆಯ ಬಾಲದಲ್ಲಿದ್ದ ತಮೋತ್ಸು ಹಮಾನೋಗೆ ಬಿಟ್ಟಿದ್ದ.
ಬರೆದಿಡಲಿಲ್ಲ. ಯಾಕೆಂದು ನಾನು ಕೇಳಲಿಲ್ಲ,
ನನಗಾಗ ಒಂಬತ್ತು.
ರಾತ್ರಿ ನಮ್ಮ ಮಡೆಯನ್ನು ದಾಟಿ ನೀರು ಸುಮ್ಮನೆ ಹೋಗುವ ಸದ್ದು
ಕಿಟಕಿಯಿಂದ ಕೇಳುತ್ತಿತ್ತು. ಅಮ್ಮ ಮಾತು ಬಿಟ್ಟಿದ್ದಳು.
ಡಿಸೆಂಬರಿನಲ್ಲಿ ಜಗಲಿಯ ಮೇಲೆ
ಎಲೆಕೋಸಿನ ಒಂದು ಪೆಟ್ಟಿಗೆ, ಮೇಲೆ ಹಿಮ.

ತಮ್ಮ ಎಮಿಲ್ ಫೋನಿನಲ್ಲಿ ಹೇಳಿದ:
‘ಕೊಯ್ದ ಮರುದಿನ ತೆಗೆದ ಫೋಟೋ ಅನ್ನು. ಯಾರಿಗೆ ಗೊತ್ತಾಗುತ್ತೆ?’

ಗ್ರೀಲಿಯ ಕೋರ್ಟಿನಲ್ಲಿ ಕೈ ಎತ್ತಿ ಪ್ರಮಾಣ ಮಾಡಿದೆ.
ಬೂದಿ ಎಂದರೆ ಬೂದಿಯೇ ಎಂದೆ. ಹೊಲ ಒಣಗಿತ್ತು.
ದಾನಕ್ಕೆ ಅವರ ಪಟ್ಟಿಯಲ್ಲಿ ಕಲಮು ಇಲ್ಲ;
ಮಾರಿಸೆಲಾ ತಲೆ ತಗ್ಗಿಸಿ ಸೊನ್ನೆ ಬರೆದಳು.
ಸರಾಸರಿ ಕುಸಿಯಿತು. ವರ್ಷಕ್ಕೆ ನಾಲ್ಕು ಎಕರೆ-ಅಡಿ.
ಎಮಿಲ್ ಕ್ರಿಸ್‌ಮಸ್ಸಿಗೆ ಬರಲಿಲ್ಲ.

ಈಗ ಮಾರ್ಚಿನಲ್ಲಿ ನಮ್ಮ ನೀರನ್ನು
ಮರಳಗುಂಡಿಗೆ ತಿರುಗಿಸುತ್ತಾರೆ. ಅಲ್ಲಿ ಯಾವ ಪೈರೂ ಇಲ್ಲ.
ನೀರಗಂಟಿ ಸಿಪ್ರಿಯಾನೊ ಅಳತೆಕೋಲಿಗೆ ಬಗ್ಗಿ
ಕನ್ನಡಕ ಒರೆಸಿ, ಮತ್ತೆ ಬಗ್ಗಿ, ಬರೆದುಕೊಳ್ಳುತ್ತಾನೆ.
ಹೊಳೆಗೆ ಸುರಿದರೂ ಅಳೆದು ಸುರಿ.
ಮರಳು ಕುಡಿದದ್ದು ನದಿಗೆ ಮುಟ್ಟುವಷ್ಟರಲ್ಲಿ
ನಾನಿರುವುದಿಲ್ಲ, ಇರಲಿ.

ನಮ್ಮ ಹೊಲಕ್ಕೆ ಇನ್ನೆಂದೂ ನೀರು ಹಾಯಿಸೆನೆಂದು ಸಹಿ ಹಾಕಿಯಾಗಿದೆ.
ಕಾಡುಹುಲ್ಲು ಬಿತ್ತಿದ್ದೇನೆ, ಹಿಡಿಯುತ್ತಿದೆ.
ಆದರೆ ಹಳೇ ಕಣದ ಬಳಿ, ಮಂಚದಷ್ಟಗಲ,
ಕುದುರೆಮೆಂತೆ ಹಸುರಾಗೇ ಇದೆ.
ಮೂರು ಬೇಸಿಗೆ ಯಾರೂ ಹನಿ ಕೊಟ್ಟಿಲ್ಲ.
ಒಳಗಿನ ನೀರಿಗೆ ಬೇರು ಇಳಿಸಿಕೊಂಡಿದೆ,
ನದಿಯ ಜೇಬಿಗೆ ಕೈ ಹಾಕಿದ ಹಾಗೆ.
ಕಾಗದ ಬಂತು: ಇದನ್ನೂ ತೆಗೆಯತಕ್ಕದ್ದು.

ಬೆಳಿಗ್ಗೆ ಸನಿಕೆ ಹಿಡಿದು ಹೋದೆ.
ನೀಲಿ ಹೂವಿಗೆ ಜೇನು ಬಂದಿತ್ತು, ಅದು ಏಳಲೆಂದು ಕಾದೆ.
ಮೊಣಕಾಲುದ್ದ ಅಗೆದೆ. ಸೊಂಟದುದ್ದ.
ಕುಳಿಯಂಚಿಗೆ ಕೂತು ಉಸಿರು ತಿರುಗಿಸಿಕೊಂಡೆ.
ಬೇರು ಹೆಬ್ಬೆರಳಿನಷ್ಟು ದಪ್ಪ, ಕೆಳಗೇ ಹೋಗುತ್ತಿದೆ,
ತುದಿ ಕಾಣದು.

ಸಿಪ್ರಿಯಾನೊಗೆ ಫೋನು ಮಾಡಿದೆ,
ಉದ್ದ ಹಿಡಿಯ ಸನಿಕೆ ಇದ್ದರೆ ತಾ ಎಂದೆ.
ಅವಸರವಿಲ್ಲ ಎಂದೂ ಅಂದೆ.