ಹೆಚ್ಚುಕಮ್ಮಿ

ಗ್ರಿಮ್ಸ್‌ಬಿಯ ಲೈಬ್ರರಿ. ಶನಿವಾರ.
ಮೂರು ಗಾಲಿಯ ರೋಬೋಟಿನ ಹಣೆಗೆ
ಶೇಂಗಾಬೀಜದಷ್ಟು ಬೆಳಕಿನ ಸೆನ್ಸರು.
ಟ್ಯಾಮ್ಸಿನ್ ಪೈಥಾನಿನಲ್ಲಿ ನಾಲ್ಕೇ ಸಾಲು ಬರೆದಳು:
ಓದು, ತೋರಿಸು, ತುಸು ತಾಳು, ಮತ್ತೆ ಓದು.

೫೧೨. ೫೧೪. ೫೦೯. ೫೧೩.

ಕಿಟಕಿ ಅಲ್ಲಾಡಿಲ್ಲ, ಮೇಜು ಅಲ್ಲಾಡಿಲ್ಲ,
ನಾನಂತೂ ಉಸಿರೂ ಬಿಟ್ಟಿಲ್ಲ.
‘ಇದರಲ್ಲಿ ಸರಿ ಯಾವುದು?’ ಅಂದಳು
ಒಂಬತ್ತು ವರ್ಷದ ನ್ಯಾಯಾಧೀಶೆ.

ಸ್ವಿಚ್ಚಾದರೆ ಸುಲಭ: ಉಂಟು, ಇಲ್ಲ, ಮುಗೀತು.
ಇದು ಮಂಡಕ್ಕಿ ಅಳೆಯುವವಳ ಸೇರು,
ಗೋಪುರ ಕಟ್ಟಿದಷ್ಟು ಸಲವೂ
ತುದಿಯಿಂದ ನಾಲ್ಕು ಕಾಳು ಜಾರುತ್ತವೆ.

ಹತ್ತು ಸಲ ಓದಿಸಿ ಸರಾಸರಿ ತೆಗಿ, ಎಂದೆ.
ತೆಗೆದಳು. ೫೧೨. ಮುಖ ಅರಳಲಿಲ್ಲ.
‘ಹಾಗಾದರೆ ಉಳಿದವೆಲ್ಲ ಸುಳ್ಳಾ?’

ನನ್ನ ಭಾಷೆಯಲ್ಲೊಂದು ಮಾತಿದೆ, ಹೆಚ್ಚುಕಮ್ಮಿ;
ಅಂದಾಜಿಗೂ ಅದೇ, ಎಡವಟ್ಟಿಗೂ ಅದೇ.
ಎರಡು ಸಲ ನಾಲಗೆ ತಿರುಚಿ ನೋಡಿ
ವೇರಿಯಬಲ್ಲಿಗೆ ಆ ಹೆಸರನ್ನೇ ಇಟ್ಟಳು,
ಒಂದಕ್ಷರ ಕಮ್ಮಿ.

ಮೀನಿನ ಧಕ್ಕೆಯ ಕಡೆಯಿಂದ ಮೋಡ ಬಂದಿರಬೇಕು.
ನಮಗಿನ್ನೂ ಬೆಳಕು ಬೆಳಕಾಗಿಯೇ ಇತ್ತು.
೪೭೦. ೪೬೬. ೪೩೧.
ಇಬ್ಬರೂ ಕಿಟಕಿಯತ್ತ ತಲೆಯೆತ್ತುವಷ್ಟರಲ್ಲಿ
೪೦೨.