ಚಿತ್ರದಲ್ಲಿ ಕಾಣುವುದು

ದುರ್ಗಿಗುಡಿಯಲ್ಲಿ, ಜೆರಾಕ್ಸ್ ಅಂಗಡಿಯ ನೆತ್ತಿಯ ಮೇಲೆ
ದಿನಕ್ಕೆ ಇನ್ನೂರು ಹಾಳೆ ನೋಡುತ್ತೇನೆ.
ಓದುವುದಲ್ಲ, ನೋಡುವುದು.
ಓದುತ್ತ ಕೂತರೆ ಹಾಳೆಗೆರಡು ರೂಪಾಯಿ ಗಿಟ್ಟುವುದಿಲ್ಲ.

ಇಲಾಖೆಯ ಹಳೆಯ ಕಡತ, ಕಾಂಕ್ರೀಟ್ ಪರೀಕ್ಷೆಯ ದಾಖಲೆ,
ಗೋಣಿಚೀಲದಲ್ಲಿ ಬಂದು
ಬೆಳಕಿನ ಗಾಜಿನ ಮೇಲೆ ಬೋರಲು ಮಲಗಿ
ಚಿತ್ರವಾಗಿ ಏಳುತ್ತವೆ.
ಪ್ರತಿ ಚಿತ್ರದಡಿ ಯಂತ್ರ ತಾನೇ ಒಂದು ಸಾಲು ಬರೆದಿರುತ್ತದೆ,
ಕಣ್ಣು ಕಾಣದವರ ಕಿವಿಗೆಂದು.
ತಪ್ಪಿದ್ದರೆ ನಾನು ತಿದ್ದಬೇಕು.

"ಮೇಜಿನ ಮೇಲೆ ಬಿಳಿ ಕಾಗದ."
ಮೇಜೆಲ್ಲಿದೆ ಮಾರಾಯ?
"ಕಂದು ಬಣ್ಣದ ಚಂದ್ರ."
ಅದು ಯಾರೋ ಇಟ್ಟೆದ್ದ ಚಹಾ ಲೋಟದ ತಳ.
"ಹಾರುವ ಹಕ್ಕಿ."
ಅದು ಸಹಾಯಕ ಇಂಜಿನಿಯರರ ಸಹಿ.
"ಮುರಿದ ಬೇಲಿ" ಅಂದದ್ದು ಗೆದ್ದಲು ತಿಂದ ಕೋಷ್ಟಕಕ್ಕೆ;
ಅದೊಂದನ್ನು ತಿದ್ದದೆ ಬಿಟ್ಟೆ.

ಪಕ್ಕದ ಕುರ್ಚಿಯಲ್ಲಿ ಶಫೀವುಲ್ಲಾ.
ಪಿಯುಸಿಯಲ್ಲಿ ಕಣ್ಣು ಹೋಯಿತಂತೆ, ಅಕ್ಷರ ಹೋಗಿಲ್ಲ.
ನಾವು ತಿದ್ದಿದ್ದನ್ನು ಮೂರುಪಟ್ಟು ವೇಗದಲ್ಲಿ ಕೇಳಿ
ಸರಿ, ಸರಿಯಿಲ್ಲ ಎನ್ನುವುದು ಅವನ ಪಾಲು.
"ನಿಮ್ಮ ಇಲಾಖೇಲಿ ಹಕ್ಕಿ ಜಾಸ್ತಿ ಕಣ್ರೀ" ಅಂದಿದ್ದ ಮೊದಲ ದಿನ.

ಗೋಡೆಯ ಮೇಲೆ ಯೋಗಾನಂದ ಅಂಟಿಸಿದ ಚೀಟಿ:
ಚಿತ್ರದಲ್ಲಿ ಕಾಣುವುದನ್ನಷ್ಟೇ ಬರೆಯಿರಿ.

ಸಿಮೆಂಟಿಗೂ ಹೆರಿಗೆಕೋಣೆಯ ಲೆಕ್ಕ.
ಅಚ್ಚಿಗೆ ಸುರಿದ ದಿನ, ನೀರಿಗಿಳಿಸಿದ ದಿನ,
ಏಳನೆಯ ದಿನ, ಇಪ್ಪತ್ತೆಂಟನೆಯ ದಿನ.
ಆ ದಿನ ಮುಷ್ಟಿಗಿಂತ ದೊಡ್ಡ ಘನವನ್ನು ಯಂತ್ರದ ದವಡೆಗಿಟ್ಟು
ಒಡೆಯುವವರೆಗೆ ಒತ್ತುತ್ತಾರೆ.
ಒಡೆದ ಗಳಿಗೆಯ ಅಂಕಿಯೇ ಸೇತುವೆಯ ಜಾತಕ.

ಕುಂಟಿಗೆಹಳ್ಳದ ಸೇತುವೆ, ಹಾಳೆ ನಲವತ್ತೊಂದು.
"ಖಾಲಿ ಹಾಳೆ" ಅಂದಿತು ಯಂತ್ರ.
ಹೌದು ಖಾಲಿ. ಮುಂದಿನದಕ್ಕೆ ಒತ್ತಿದೆ.
ನಲವತ್ತೆರಡರಲ್ಲಿ ಹೊಸ ಮಸಿ, ದುಂಡು ಅಕ್ಷರ,
ಮೂರು ಘನ: ಇಪ್ಪತ್ತೊಂದು ಪಾಯಿಂಟ್ ಆರು, ಆರು, ಆರು.
ಮೂರು ಮಕ್ಕಳು ಒಂದೇ ತೂಕಕ್ಕೆ ಹುಟ್ಟಿದ ಹಾಗೆ.
ಮೇಲೊಂದು ಹಕ್ಕಿ.

ಹಿಂದೆ ಹೋದೆ. ಚೀಲ ಬಿಚ್ಚಿ ಮೂಲ ಹಾಳೆ ತೆಗೆದೆ.
"ಏನ್ರೀ ಸದ್ದು" ಅಂದ ಶಫೀ. ಕೈಗೆ ಕೊಟ್ಟೆ.
ಬೆರಳು ಎಡದಿಂದ ಹೊರಟು, ನಿಂತು,
ಮತ್ತೆ ಎಡಕ್ಕೆ ಬಂತು.
"ಉಜ್ಜಿದ್ದಾರೆ. ಒತ್ತಿ ಬರೆದಿದ್ದಾನೆ ಪುಣ್ಯಾತ್ಮ.
ಒ... ಒಡೀತು. ಹದಿ... ಹದಿಮೂರು.
ಇದು ಪಾಯಿಂಟೋ, ಕಾಗದದ ಗಂಟೋ.
ಆಮೇಲೆ ನಾಲ್ಕು."
ಕಿಟಕಿಯ ಬೆಳಕಿಗೆ ಓರೆಮಾಡಿ ಹಿಡಿದೆ.
ಗದ್ದೆಯ ಬದುವಿನಂತೆ ಎದ್ದವು ಸಾಲು:
ಇದಕ್ಕೆ ನಾನು ಸಹಿ ಹಾಕುವುದಿಲ್ಲ.
ದ್ಯಾವಪ್ಪ, ಪ್ರಯೋಗಶಾಲೆ ಸಹಾಯಕ.

"ಸೇತುವೆ ನಿಂತಿದೆಯಲ್ಲ" ಅಂದರು ಯೋಗಾನಂದ,
ಮೂಗಿನ ತುದಿಯ ಕನ್ನಡಕ ಮೇಲೇರಿಸದೆ.
ನಿಂತಿದೆ. ನನ್ನ ಅತ್ತೆಯ ಊರಿನ ಬಸ್ಸು ಅದರ ಮೇಲೇ ಹೋಗುತ್ತದೆ.
ಮರದ ದಿಮ್ಮಿಯ ಲಾರಿ ಎದುರಾದರೆ
ಡ್ರೈವರ್ ಈಚೆ ದಡದಲ್ಲೇ ನಿಲ್ಲಿಸಿ ಬೀಡಿ ಹಚ್ಚುತ್ತಾನೆ.
ಅವನಿಗೆ ಯಾರು ಹೇಳಿದರೋ.

"ಸ್ಕ್ಯಾನಿನಲ್ಲಿ ಕಾಣುತ್ತದೆಯೇ?"
ಕಾಣುವುದಿಲ್ಲ ಸರ್.
"ಮತ್ತೆ?"

ಶಫೀ ಇನ್ನೂ ಬೆರಳು ತೆಗೆದಿರಲಿಲ್ಲ.
ದ್ಯಾವಪ್ಪನ ದ-ಗೆ ಯ ಒತ್ತು ಕೊಡುವಲ್ಲಿ
ಪೆನ್ಸಿಲಿನ ಮೊನೆ ಮುರಿದಿದೆಯಂತೆ.
ಅಲ್ಲೊಂದು ಸಣ್ಣ ತೂತು.

ತೂತು! ಚಿತ್ರವನ್ನು ಎಂಟುಪಟ್ಟು ಹಿಗ್ಗಿಸಿದೆ.
ಕೆಳಗಿನ ಅಂಚಿನ ಹತ್ತಿರ ಸಾಸಿವೆಯಷ್ಟು ಕಪ್ಪು.
ಯಂತ್ರ ಅದನ್ನು ಧೂಳೆಂದು ಬಿಟ್ಟಿತ್ತು.

"ಖಾಲಿ" ಅಳಿಸಿ ಬರೆದೆ:
ಒತ್ತಿ ಬರೆದು ಉಜ್ಜಿದ ಹಾಳೆ.
ಪೆನ್ಸಿಲ್ ಮುರಿದಲ್ಲಿ ಒಂದು ತೂತು ಕಾಣುತ್ತದೆ.
ಮೂಲವನ್ನು ಮುಟ್ಟಿ ನೋಡಿ.

ಶಫೀ ಕಿವಿಗಿಟ್ಟುಕೊಂಡ.
ಈ ಸಲ ವೇಗ ತಗ್ಗಿಸಿದ.